ಕೈ ತೊಳೆಯುವ ಕ್ರಮ ಬಾಯಿಪಾಠ, ಆದರೂ ಮಗ ತೊಳೆಯುವುದಿಲ್ಲ

ಪ್ರಶ್ನೆ: ಮಗ ಇಲ್ಲೇ ಹತ್ತಿರದ ಕನ್ನಡ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ಮೂರನೇ ಕ್ಲಾಸು. ಕೈ ತೊಳೆಯುವ ಕ್ರಮ ಕೇಳಿದರೆ ಪಟಪಟ ಹೇಳುತ್ತಾನೆ. ಊಟಕ್ಕೆ ಮುಂಚೆ ಮಾತ್ರ ಬಲಗೈ ಬೆರಳಿಗೆ ನೀರು ಮುಟ್ಟಿಸಿ ಓಡುತ್ತಾನೆ. ಆಗಾಗ ಹೊಟ್ಟೆನೋವು, ಭೇದಿ. ಬೇಸಿಗೆಯಲ್ಲಿ ಶಾಲೆಯಲ್ಲಿ ನೀರೂ ಕಡಿಮೆ. ಸ್ಯಾನಿಟೈಸರ್ ಕೊಟ್ಟು ಕಳಿಸಿದರೆ ಸಾಕಾ?
– ಒಬ್ಬ ತಾಯಿ, ಬದಿಯಡ್ಕ

ಉತ್ತರ: ನಿಮ್ಮ ಮಗನಿಗೆ ತಿಳಿವಳಿಕೆ ಕಡಿಮೆ ಇಲ್ಲ, ಅಭ್ಯಾಸ ಆಗಿಲ್ಲ ಅಷ್ಟೇ. ಊಟ ಆದ ಮೇಲೆ ಅವನು ಹೇಗೆ ತೊಳೆಯುತ್ತಾನೆ ಅಂತ ಗಮನಿಸಿ. ಆಗ ಚೆನ್ನಾಗಿಯೇ ತೊಳೆಯುತ್ತಾನೆ, ಯಾಕೆಂದರೆ ಕೈಗೆ ಸಾಂಬಾರು ಅಂಟಿರುತ್ತದೆ, ಮೀನಿನ ವಾಸನೆ ಇರುತ್ತದೆ. ಊಟಕ್ಕೆ ಮುಂಚೆ ಕೊಳೆ ಕಣ್ಣಿಗೆ ಕಾಣುವುದಿಲ್ಲ. ಕಾಣದ ಕೊಳೆಯನ್ನು ತೊಳೆ ಅಂದರೆ ಎಂಟು ವರ್ಷದ ಹುಡುಗನಿಗೆ ಅರ್ಥವಾಗುವುದು ಕಷ್ಟ, ಅಲ್ವಾ?

ಹಾಗಾಗಿ ಒಮ್ಮೆ ತೋರಿಸಿಬಿಡಿ. ಅವನ ಎರಡೂ ಕೈಗೆ ನಾಲ್ಕು ಹನಿ ತೆಂಗಿನೆಣ್ಣೆ ಸವರಿ, ಮೇಲೆ ಚಿಟಿಕೆ ಕಾಫಿ ಹುಡಿ ಉದುರಿಸಿ ಉಜ್ಜಿಸಿ. ಮೊದಲು ಬರೀ ನೀರಲ್ಲಿ ತೊಳೆಯಲಿ. ಉಗುರಿನ ಸಂದು, ಬೆರಳಿನ ಮಧ್ಯೆ, ಹೆಬ್ಬೆರಳಿನ ಬುಡದಲ್ಲಿ ಹುಡಿ ಹಾಗೇ ಕೂತಿರುತ್ತದೆ. ಆಮೇಲೆ ಸೋಪು ಹಚ್ಚಿ 20 ಸೆಕೆಂಡು ತಿಕ್ಕಲಿ. ವ್ಯತ್ಯಾಸ ಅವನೇ ನೋಡುತ್ತಾನೆ. ರೋಗಾಣುಗಳು ಚರ್ಮದ ಜಿಡ್ಡಿನಲ್ಲಿ ಹೀಗೇ ಅಂಟಿಕೊಂಡಿರುತ್ತವೆ. ಆ ಜಿಡ್ಡನ್ನು ಬಿಡಿಸುವುದು ಸೋಪು ಮತ್ತು ತಿಕ್ಕುವುದು, ಎರಡೂ ಸೇರಿ. ಬಿಸಿನೀರೇನೂ ಬೇಡ. ಎಡಗೈಯನ್ನಂತೂ ಬಿಡಲೇಬಾರದು, ಶೌಚಕ್ಕೆ ಬಳಸುವುದು ಅದನ್ನೇ.

ಇನ್ನು ಶಾಲೆಯ ವಿಷಯ. ನನಗೆ ಇದೇ ಮುಖ್ಯ ಅನಿಸುತ್ತದೆ. ಬಾಂಗ್ಲಾದೇಶದ ಹಳ್ಳಿಯ ಎರಡು ಪ್ರಾಥಮಿಕ ಶಾಲೆಗಳಲ್ಲಿ ಶೌಚಾಲಯದಿಂದ ಕೈ ತೊಳೆಯುವ ಜಾಗದವರೆಗೆ ಬಣ್ಣದ ದಾರಿ ಮಾಡಿ, ಅದರಲ್ಲಿ ಹೆಜ್ಜೆ ಗುರುತು, ಜಾಗದಲ್ಲಿ ಅಂಗೈ ಗುರುತು ಬರೆದರು. ಪಾಠ, ಭಾಷಣ ಏನೂ ಇಲ್ಲ. ಶೌಚದ ನಂತರ ಸೋಪು ಹಾಕಿ ತೊಳೆಯುವ ಮಕ್ಕಳು ಮೊದಲು ನೂರಕ್ಕೆ 4. ಆರು ವಾರದ ನಂತರವೂ ನೋಡಿದರೆ 74! ಒಂದು ಡಬ್ಬ ಪೇಂಟಿಗೆ ಎಷ್ಟು ಖರ್ಚಾದೀತು? ಮುಂದಿನ ಪಿಟಿಎ (ಪೋಷಕ-ಶಿಕ್ಷಕರ ಸಂಘ) ಮೀಟಿಂಗಿನಲ್ಲಿ ದಯವಿಟ್ಟು ಈ ಮಾತು ಎತ್ತಿ.

ಸೋಪಿನ ತಾಪತ್ರಯ ನಮ್ಮೂರಿನ ಶಾಲೆಗಳಿಗೆಲ್ಲ ಗೊತ್ತು. ನೆಲಕ್ಕೆ ಬಿದ್ದು ಕರಗುತ್ತದೆ, ಇಲ್ಲವೇ ಕಾಗೆ ಕಚ್ಚಿಕೊಂಡು ಹೋಗುತ್ತದೆ. ನೆಟ್ ಚೀಲದಲ್ಲಿ ಹಾಕಿ ನಲ್ಲಿಗೆ ಬಿಗಿಯಾಗಿ ಕಟ್ಟಿ. ಅಥವಾ ಬಾಟ್ಲಿ ನೀರಿಗೆ ಸ್ವಲ್ಪ ಸೋಪಿನ ಹುಡಿ ಕದಡಿ, ಮುಚ್ಚಳಕ್ಕೆ ತೂತು ಮಾಡಿಡಿ.

ನೀರು ಕಡಿಮೆ ಇದ್ದರೂ ಒಂದು ಚೊಂಬು ಸಾಕು. ಸ್ವಲ್ಪ ಒದ್ದೆ ಮಾಡಿ, ನೀರು ನಿಲ್ಲಿಸಿ ಸೋಪು ತಿಕ್ಕಿ, ಉಳಿದದ್ದನ್ನು ಒಬ್ಬರು ಹೊಯ್ಯಲಿ. ಎಲ್ಲರೂ ಒಂದೇ ಬಕೆಟಿಗೆ ಕೈ ಅದ್ದುವುದು ಮಾತ್ರ ಬೇಡವೇ ಬೇಡ. ಒಬ್ಬನ ಕೈಯದು ಎಲ್ಲರ ಕೈಗೆ ಹತ್ತುತ್ತದೆ.

ಸ್ಯಾನಿಟೈಸರ್ ಸಾಲದು. ಮಣ್ಣಲ್ಲಿ ಆಡಿದ ಕೈಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ, ಜಂತುಹುಳುವಿನ ಮೊಟ್ಟೆಯನ್ನೂ ಸಾಯಿಸುವುದಿಲ್ಲ.

ಆಗಾಗ ಹೊಟ್ಟೆನೋವು ಅಂದಿರಿ. ವಾರಕ್ಕೊಮ್ಮೆ ಉಗುರು ಕತ್ತರಿಸಿ. ಶಾಲೆಯಲ್ಲಿ ಕೊಡುವ ಹುಳುವಿನ ಮಾತ್ರೆ, ಅಂದರೆ ಆಲ್ಬೆಂಡಜೋಲ್, ತಪ್ಪಿಸಬೇಡಿ. ಹೀಗೆ ಮತ್ತೆ ಮತ್ತೆ ಆಗುತ್ತಿರುವುದರಿಂದ ಒಮ್ಮೆ ಡಾಕ್ಟರಿಗೆ ತೋರಿಸಿ. ಭೇದಿಯಾದಾಗ ಒಆರ್‌ಎಸ್ ಕುಡಿಸುತ್ತಾ ಇರಿ. ಭೇದಿಯಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಅಥವಾ ಕಣ್ಣು ಹಳದಿಯಾದರೆ ಕಾಯಬೇಡಿ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.