ರೇಡಿಯೋ ಕ್ರಿಕೆಟ್ ಕಾಮೆಂಟರಿಯಲ್ಲಿ ಆಟಕ್ಕಿಂತ ಪಾರಿವಾಳ, ಕೇಕ್‌ಗಳ ಮಾತೇ ಜಾಸ್ತಿ ಯಾಕೆ?

ಕಾರಣ ಸರಳ: ಹೊತ್ತು ಹೋಗಬೇಕಲ್ಲ! ಟೆಸ್ಟ್ ಪಂದ್ಯದಲ್ಲಿ ದಿನಕ್ಕೆ 90 ಓವರ್, ಆರು ಗಂಟೆಗಳ ಆಟ. ಅದರಲ್ಲಿ ಒಂದೊಂದು ಎಸೆತಕ್ಕೂ ಚೆಂಡು ಓಡಾಡುವುದು ಕೆಲವೇ ಸೆಕೆಂಡು, ಮಿಕ್ಕಿದ್ದೆಲ್ಲ ಕಾಯುವಿಕೆ. ಟಿವಿಯಲ್ಲಾದರೆ ಬಾಯಿ ಮುಚ್ಚಿಕೊಂಡಿರಬಹುದು. ಟಿವಿ ಕಾಮೆಂಟೇಟರ್ ರಿಚಿ ಬೆನೋ ಅದರಲ್ಲಿ ಪಳಗಿದ್ದವರು. ರೇಡಿಯೋದಲ್ಲಿ ಸುಮ್ಮನಾದರೆ ಕೇಳುವವರು ಸೆಟ್ ಕೆಟ್ಟಿತು ಅಂದುಕೊಳ್ಳುತ್ತಾರೆ.

ಹಾಗಾಗಿ ಬಿಬಿಸಿಯ 'ಟೆಸ್ಟ್ ಮ್ಯಾಚ್ ಸ್ಪೆಷಲ್'ನಲ್ಲಿ (1957ರಲ್ಲಿ ಶುರುವಾಗಿದ್ದು) ಹೆನ್ರಿ ಬ್ಲೋಫೆಲ್ಡ್ ಬೌಲರ್ ಓಡಿ ಬರುವಷ್ಟರಲ್ಲಿ ಪಾರಿವಾಳ, ದೂರದಲ್ಲಿ ಹೋಗುವ ಬಸ್ಸು ಎಲ್ಲವನ್ನೂ ವರ್ಣಿಸಿಬಿಡುತ್ತಿದ್ದರು. ಕೇಳುಗರು ಕಳಿಸಿದ ಕೇಕ್ ಬಗ್ಗೆಯಂತೂ ಗಂಭೀರ ಚರ್ಚೆ!

ನನಗೆ ಇಷ್ಟವಾದದ್ದು 1991ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ನಡೆದ ಪ್ರಸಂಗ. ವೆಸ್ಟ್ ಇಂಡೀಸ್ ಬೌಲರ್ ಆಂಬ್ರೋಸ್ ಹಾಕಿದ ಬೌನ್ಸರ್‌ಗೆ ಇಂಗ್ಲೆಂಡಿನ ಇಯಾನ್ ಬೋಥಮ್ ಸಮತೋಲ ತಪ್ಪಿದರು. ಸ್ಟಂಪ್ ದಾಟಲು ಕಾಲೆತ್ತಿದರು, ತೊಡೆ ತಾಗಿ ಬೇಲ್ ಬಿತ್ತು. ಹಿಟ್ ವಿಕೆಟ್, ಅಂದರೆ ತನ್ನ ವಿಕೆಟ್ ತಾನೇ ಬೀಳಿಸಿಕೊಂಡು ಔಟ್. ದಿನದಾಟ ಮುಗಿದ ಮೇಲೆ ಇದೇ ಕಾರ್ಯಕ್ರಮದ ಕಾಮೆಂಟೇಟರ್ ಜೊನಾಥನ್ ಆಗ್ನ್ಯೂ, ಪಾಪ, ಕಾಲು ಅತ್ತ ದಾಟಲಿಲ್ಲ ಅಂದರು. ಇಂಗ್ಲಿಷಿನಲ್ಲಿ ಆ ಮಾತಿಗೆ ಇನ್ನೊಂದು ಪೋಲಿ ಅರ್ಥವೂ ಇದೆ. ಪಕ್ಕದಲ್ಲಿದ್ದ ಹಿರಿಯ ಕಾಮೆಂಟೇಟರ್ ಬ್ರಯಾನ್ ಜಾನ್‌ಸ್ಟನ್‌ಗೆ ಆಗ 79 ವರ್ಷ. ಅವರು ನಗು ತಡೆದು ಸ್ಕೋರ್ ಓದಲು ನೋಡಿದರು. ದನಿ ಕೀರಲಾಗುತ್ತಾ ಹೋಯಿತು, ಆಮೇಲೆ ಬರೀ ಕಿಸಕಿಸ. ನೇರ ಪ್ರಸಾರ ಬೇರೆ!

ಬರೆದಿಟ್ಟ ಜೋಕು ಹೀಗೆ ನಗಿಸಲ್ಲ, ಅಲ್ವಾ? ಗಂಭೀರವಾಗಿರಲೇಬೇಕಾದವರು ಸೋತಾಗ ಬರುವ ನಗುವೇ ಬೇರೆ.