ಕುಷ್ಠರೋಗಕ್ಕೆ ಪ್ರತಿಕಾಯ ಹುಟ್ಟಿಸುವ ಲಸಿಕೆ ಮಾಡಿದರೆ ಸಾಕಲ್ವಾ?

ಕುಷ್ಠ ಇರುವ ಕೆಲವರ ರಕ್ತದಲ್ಲಿ ಪ್ರತಿಕಾಯಗಳು (ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನುಗಳು) ತುಂಬಾ ಇರುತ್ತವೆ, ಅಂಥವನ್ನೇ ಹುಟ್ಟಿಸುವ ಲಸಿಕೆ ಯಾಕೆ ಮಾಡಬಾರದು ಎಂದು ಕೇಳಿದ್ದೀರಿ. ಸೂಕ್ಷ್ಮಜೀವಿಗಳ ಬಗ್ಗೆ ಪಾಠ ಮಾಡುವ ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಆದರೆ ಆ ದಾರಿಯಲ್ಲಿ ರಕ್ಷಣೆ ಸಿಗುವುದಿಲ್ಲ.

ಈ ಬ್ಯಾಕ್ಟೀರಿಯಾ ಬೆಳೆಯುವುದು ನಮ್ಮ ಜೀವಕೋಶಗಳ ಒಳಗೆ. ಅಲ್ಲಿಗೆ ಪ್ರತಿಕಾಯಗಳ ಕೈ ತಲುಪುವುದಿಲ್ಲ. ಲೆಪ್ರೊಮ್ಯಾಟಸ್ ಬಗೆಯ ಕುಷ್ಠದಲ್ಲಿ ಪ್ರತಿಕಾಯ ಬೇಕಾದಷ್ಟಿರುತ್ತದೆ, ಆದರೂ ಚರ್ಮದ ತುಂಬ ಬ್ಯಾಕ್ಟೀರಿಯಾ. ಬೇರೆ ಸೋಂಕುಗಳಿಗೆ ಎಚ್ಚೆತ್ತುಕೊಳ್ಳುವ ಟಿ ಕೋಶಗಳು (ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು) ಇದೊಂದರ ಎದುರು ಸುಮ್ನೆ ಇದ್ದುಬಿಡುತ್ತವೆ. ಟ್ಯೂಬರ್ಕ್ಯುಲಾಯ್ಡ್ ಬಗೆ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂಕೇತ ಪ್ರೋಟೀನನ್ನು ಹೊರಬಿಡುತ್ತವೆ. ಅದರಿಂದ ಸೂಕ್ಷ್ಮಜೀವಿಗಳನ್ನು ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಚುರುಕಾಗಿ, ತಮ್ಮೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತವೆ. ಮಚ್ಚೆ ಕೆಲವೇ ಕೆಲವು, ಬ್ಯಾಕ್ಟೀರಿಯಾ ಹುಡುಕಿದರೂ ಸಿಗುವುದು ಕಷ್ಟ. ಹೆಚ್ಚಿನವರು ಈ ಎರಡು ತುದಿಗಳ ನಡುವೆ ಎಲ್ಲೋ ಇರುತ್ತಾರೆ. ಕುಷ್ಠರೋಗ ತಜ್ಞರಾದ ರಿಡ್ಲಿ ಮತ್ತು ಜಾಪ್ಲಿಂಗ್ 1966ರಲ್ಲಿ ಮಾಡಿದ ವಿಂಗಡಣೆ ಇದನ್ನೇ ಹೇಳುತ್ತದೆ.

ಹಾಗಾದರೆ ಟಿ ಕೋಶಗಳನ್ನು ಕೆರಳಿಸಿದರೆ ಆಯ್ತಲ್ವಾ? ತೊಡಕು ಇರುವುದೇ ಇಲ್ಲಿ. ಬ್ಯಾಕ್ಟೀರಿಯಾ ನರಗಳ ಹೊದಿಕೆಯಾದ ಶ್ವಾನ್ ಕೋಶಗಳಲ್ಲೂ ಅಡಗಿರುತ್ತದೆ. ಟಿ ಕೋಶಗಳು ಅಲ್ಲಿ ಮುಗಿಬಿದ್ದಾಗ ಊತ ಬಂದು ನರವೇ ಹಾಳಾಗುತ್ತದೆ. ರಿವರ್ಸಲ್ ರಿಯಾಕ್ಷನ್ ಎನ್ನುವುದು ಇದಕ್ಕೇ. ಔಷಧಿ ತೆಗೆದುಕೊಳ್ಳುತ್ತಿರುವವರಿಗೂ ಬರಬಹುದು. ಬೇಗ ಸ್ಟೆರಾಯ್ಡ್ ಕೊಡದಿದ್ದರೆ ಕೈಕಾಲಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ರೋಗ ಕಾಣಿಸಿಕೊಳ್ಳಲು ಎಷ್ಟೋ ವರ್ಷ ಬೇಕು. ಹಾಗಾಗಿ ಲಸಿಕೆ ಹಾಕಿಸಿಕೊಳ್ಳುವವರಲ್ಲಿ ಯಾರಿಗೆ ಆಗಲೇ ಸೋಂಕು ತಗುಲಿದೆ ಎಂದು ನೋಡಿ ಹೇಳಲಾಗುವುದಿಲ್ಲ. ಅಂಥವರಲ್ಲಿ ಟಿ ಕೋಶಗಳನ್ನು ಕೆರಳಿಸಿದರೆ ನರಕ್ಕೇ ಪೆಟ್ಟಾಗಬಹುದು. ನನಗೆ ಅತಿ ಮುಖ್ಯ ಅನ್ನಿಸುವುದು ಈ ಅಂಶವೇ.

ಸದ್ಯಕ್ಕೆ ಮುಖ್ಯವಾಗಿ ಕೈಯಲ್ಲಿರುವುದು ಕ್ಷಯರೋಗದ ಬಿಸಿಜಿ ಲಸಿಕೆ. ಅದು ಕುಷ್ಠದಿಂದಲೂ ಸ್ವಲ್ಪ ಮಟ್ಟಿಗೆ ಕಾಪಾಡುತ್ತದೆ, ಆದರೆ ಎಲ್ಲ ಕಡೆ ಒಂದೇ ಥರ ಅಲ್ಲ. ದಕ್ಷಿಣ ಭಾರತದ ದೊಡ್ಡ ಪ್ರಯೋಗವೊಂದರ ಫಲಿತಾಂಶ 1998ರಲ್ಲಿ ಬಂತು. ಅದರಲ್ಲಿ ಬಿಸಿಜಿ ಒಂದೇ ಕೊಟ್ಟಾಗ ರಕ್ಷಣೆ ಸುಮಾರು ಶೇ. 34. ಕೊಂದ ಕುಷ್ಠ ಬ್ಯಾಕ್ಟೀರಿಯಾವನ್ನೂ ಸೇರಿಸಿದಾಗ ಸುಮಾರು ಶೇ. 64. ಒಳ್ಳೆಯ ಫಲವೇ. ಆದರೆ ಈ ಬ್ಯಾಕ್ಟೀರಿಯಾ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದಿಲ್ಲ, ಆರ್ಮಡಿಲೊ ಎಂಬ ಗಟ್ಟಿ ಚಿಪ್ಪಿನ ಪ್ರಾಣಿಗಳ ಮೈಯಿಂದ ತೆಗೆಯಬೇಕು. ಅದನ್ನು ಕೋಟಿಗಟ್ಟಲೆ ಜನರಿಗೆ ಸಾಕಾಗುವಷ್ಟು ಮಾಡುವುದು ಎಲ್ಲಿಂದ?

ಅದಕ್ಕೇ ಕುಷ್ಠಕ್ಕೆಂದೇ ತಯಾರಾಗುತ್ತಿರುವ ಹೊಸ ಲಸಿಕೆ ಲೆಪ್‌ವ್ಯಾಕ್ಸ್ ಬಗ್ಗೆ ನನಗೆ ಆಸೆ ಇದೆ. ಇದರಲ್ಲಿ ಇಡೀ ಬ್ಯಾಕ್ಟೀರಿಯಾ ಇಲ್ಲ. ಅದರ ನಾಲ್ಕು ಪ್ರೋಟೀನುಗಳನ್ನು ಜೋಡಿಸಿ, ಟಿ ಕೋಶಗಳನ್ನು ಇಂಟರ್‌ಫೆರಾನ್ ಗಾಮಾದ ಕಡೆಗೆ ತಿರುಗಿಸುವ ಪೂರಕವೊಂದನ್ನು ಬೆರೆಸಿದ್ದಾರೆ. ಆರ್ಮಡಿಲೊಗಳಿಗೂ ನಮ್ಮಂತೆಯೇ ನರಹಾನಿ ಆಗುತ್ತದೆ. ಸೋಂಕು ತಗುಲಿದ ಆರ್ಮಡಿಲೊಗಳಿಗೆ ಇದನ್ನು ಕೊಟ್ಟಾಗ ನರಹಾನಿ ತಡವಾಯಿತು, ಕಡಿಮೆಯೂ ಆಯಿತು. ಬಿಸಿಜಿಯಿಂದ ಆ ಲಾಭ ಸಿಗಲಿಲ್ಲ. ಆರೋಗ್ಯವಂತರ ಮೇಲಿನ ಮೊದಲ ಹಂತದ ಪರೀಕ್ಷೆಯಲ್ಲಿ ಗಂಭೀರ ತೊಂದರೆ ಕಾಣಲಿಲ್ಲ. ಮುಂದಿನ ಪ್ರಯೋಗಗಳ ವರದಿ ಬಂದಾಗ ಎಷ್ಟು ಜನರಿಗೆ ರೋಗ ಬಂತು ಎಂಬುದನ್ನು ಮಾತ್ರ ನೋಡಬೇಡಿ. ಎಷ್ಟು ಜನರ ನರ ಉಳಿಯಿತು ಎಂಬುದನ್ನೂ ಹುಡುಕಿ ಓದಿ.