ಸಂಪಾದಕರ ಉತ್ತರ: ಸೋಲುವ ತಂಡಕ್ಕೊಂದು ಹಾಡು

ಶಿಕಾಗೊದಲ್ಲಿರುವ ಮಗಳ ಮನೆಗೆ ಹೋಗಿಬಂದ ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: ‘ಅಲ್ಲಿನ ಕಬ್ಸ್ ತಂಡದ ತವರು ಮೈದಾನವಾದ ರಿಗ್ಲಿ ಫೀಲ್ಡ್‌ನಲ್ಲಿ ಬೇಸ್‌ಬಾಲ್ ನೋಡಿದೆ. ಕಬ್ಸ್ ತಂಡ ಗೆದ್ದೊಡನೆ ಮೈದಾನಕ್ಕೆ ಮೈದಾನವೇ ಎದ್ದು “ಗೋ ಕಬ್ಸ್ ಗೋ” ಎಂದು ಹಾಡಿತು. ಕೂಲಿ ಕೊಟ್ಟು ಬರೆಸಿದ ಇಂಥ ಬಹುಪರಾಕೂ ಹಾಡೆನಿಸಿಕೊಳ್ಳಬೇಕೇ?’

ಮಾನ್ಯರೇ, ನಿಮ್ಮ ಆಕ್ಷೇಪದಲ್ಲಿ ಹುರುಳಿಲ್ಲವೆನ್ನಲಾರೆ. 1941ರಲ್ಲಿ ಬೇಸ್‌ಬಾಲ್ ತಾರೆ ಜೋ ಡಿಮ್ಯಾಜಿಯೊ ಸತತ 56 ಪಂದ್ಯಗಳಲ್ಲಿ ‘ಹಿಟ್’ (ಚೆಂಡನ್ನು ಹೊಡೆದು ಬೇಸ್ ಮುಟ್ಟುವುದು) ಗಳಿಸಿದಾಗ ಲೆಸ್ ಬ್ರೌನ್ ವಾದ್ಯವೃಂದ ಹೊರತಂದ ಹಾಡು ಅಪ್ಪಟ ಬಹುಪರಾಕೇ. ಇಷ್ಟನ್ನು ಒಪ್ಪಿ ಮುಂದೆ ಹೋಗುತ್ತೇನೆ, ಏಕೆಂದರೆ ನೀವು ಕೆಣಕಿರುವುದು ನನ್ನ ಬಹುಕಾಲದ ಹುಚ್ಚನ್ನು.

ನೀವು ಕೇಳಿದ ಹಾಡನ್ನು ಕಟ್ಟಿದ ಸ್ಟೀವ್ ಗುಡ್‌ಮನ್ ಶಿಕಾಗೊದವರೇ. ಹರೆಯದಲ್ಲೇ ರಕ್ತದ ಕ್ಯಾನ್ಸರ್ ಅಂಟಿಸಿಕೊಂಡವರು. ‘ಗೋ ಕಬ್ಸ್ ಗೋ’ಗೂ ಮೊದಲು ಅವರು ಬರೆದ ಇನ್ನೊಂದು ಹಾಡಿನಲ್ಲಿ, ಸೋಲಿಗೇ ಹೆಸರಾಗಿದ್ದ ಕಬ್ಸ್ ತಂಡದ, ಸಾವಿನಂಚಿನಲ್ಲಿರುವ ಅಭಿಮಾನಿಯೊಬ್ಬ ತನ್ನ ಅಂತ್ಯಕ್ರಿಯೆ ರಿಗ್ಲಿ ಫೀಲ್ಡ್‌ನಲ್ಲೇ ಆಗಬೇಕೆನ್ನುತ್ತಾನೆ. ಆರು ಮಂದಿ ಪಿಚರ್‌ಗಳು, ಎಂದರೆ ಚೆಂಡೆಸೆಯುವವರು, ಶವಪೆಟ್ಟಿಗೆ ಹೊರಬೇಕು, ತಂಡದ ಆಟಗಾರನೊಬ್ಬ ಅತಿ ಸುಲಭದ ಕ್ಯಾಚನ್ನು ಕೈಚೆಲ್ಲಬೇಕು ಎಂಬುದೂ ಅವನ ಕೊನೆಯಾಸೆ! ಯಾವ ಹೊಗಳುಭಟ ಹೀಗೆ ಬರೆದಾನು? ಈ ಅಪಶಕುನದ ಹಾಡು ತಂಡದ ಆಡಳಿತಕ್ಕೆ ರುಚಿಸದೆ, ರೇಡಿಯೊದವರು ಗೆಲುವಾದದ್ದೊಂದನ್ನು ಕೇಳಿದಾಗ ಹುಟ್ಟಿದ್ದು ‘ಗೋ ಕಬ್ಸ್ ಗೋ’. ಕೂಲಿಯೆಂಬುದು ನಿಜ, ಆದರೆ ಕೂಲಿ ಪಡೆದವರು ಎಂಥವರೆಂದು ನೋಡಿ. 1984ರ ಸೆಪ್ಟೆಂಬರ್ 20ರಂದು ಗುಡ್‌ಮನ್ ತೀರಿಕೊಂಡರು, 36 ವರ್ಷ. ನಾಲ್ಕು ದಿನಗಳ ಬಳಿಕ ಕಬ್ಸ್ ತಂಡ ತನ್ನ ವಿಭಾಗವನ್ನು ಗೆದ್ದು, 1945ರ ನಂತರ ಮೊದಲ ಬಾರಿಗೆ ಅಂತಿಮ ಸುತ್ತುಗಳಿಗೆ ಕಾಲಿಟ್ಟಿತು. ಬೇಸ್‌ಬಾಲಿನ ಅತಿ ದೊಡ್ಡ ಕಿರೀಟವಾದ ವಿಶ್ವ ಸರಣಿ ಕೈಗೆ ಬರಲು 2016 ಆಗಬೇಕಾಯಿತು, 1908ರ ಗೆಲುವಿನಿಂದ ಎಣಿಸಿದರೆ 108 ವರ್ಷ. ಅಂದು ಬೀದಿಗಳಲ್ಲಿ ಜನ ಹಾಡಿದ್ದು ಗುಡ್‌ಮನ್ನರ ಹಾಡನ್ನೇ.

ಸಂಗೀತಗಾರ ಬಡ್ಡಿ ಜಾನ್ಸನ್ 1949ರಲ್ಲಿ ಬರೆದ ಹಾಡನ್ನೂ ಕೇಳಿ. ‘ಜಾಕಿ ರಾಬಿನ್‌ಸನ್ ಆ ಚೆಂಡನ್ನು ಹೊಡೆದದ್ದು ಕಂಡಿರಾ?’ ಎಂಬ ಪ್ರಶ್ನೆಯೇ ಅದರ ಹೆಸರು. ದಶಕಗಳ ಕಾಲ ಕಪ್ಪು ವರ್ಣೀಯರಿಗೆ ಮುಚ್ಚಿದ್ದ, ಅಮೆರಿಕದ ಅಗ್ರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗಿನ ಬಾಗಿಲು 1947ರಲ್ಲಿ ರಾಬಿನ್‌ಸನ್ನರಿಗೆ ತೆರೆದದ್ದನ್ನು ಬಲ್ಲವರಿಗೆ, ‘ಕಂಡಿರಾ’ ಎಂಬ ಆ ಒಂದು ಮಾತಿನ ತೂಕವೂ ತಿಳಿದೀತು.

ನನ್ನ ಕೊರಗು ಬೇರೆಯದೇ. ಈಚೆಗೆ ನಮ್ಮಲ್ಲೇ ಒಂದು ಕ್ರಿಕೆಟ್ ಪಂದ್ಯಕ್ಕೆ ಹೋಗಿದ್ದೆ. ಎರಡು ಎಸೆತಗಳ ನಡುವಿನ ಬಿಡುವನ್ನೂ ಧ್ವನಿವರ್ಧಕಗಳು ನುಂಗಿಹಾಕುತ್ತಿದ್ದವು. ಹಿಂದಿನ ಸಾಲಿನ ಹುಡುಗರು ತಾವೇ ಹೊಸೆದ ಪದವೊಂದನ್ನು ಎತ್ತಿಕೊಂಡರು. ಮೂರನೆಯ ಸಾಲು ನನ್ನ ಕಿವಿಗೆ ಬೀಳಲೇ ಇಲ್ಲ. ಜನರಿಗೆ ಹಾಡಲು ಬಿಡುವನ್ನೇ ಕೊಡದೆ, ಮೈದಾನದಲ್ಲಿ ಹಾಡು ಹುಟ್ಟುವುದಿಲ್ಲವೆಂದು ಗೊಣಗುವವರು ನಾವು.

ಅಂದಹಾಗೆ, ಪತ್ರದ ಕೊನೆಯಲ್ಲಿ ‘ಮಗಳ ಒತ್ತಾಯಕ್ಕೆ ನಾನೂ ಎರಡು ಸಾಲು ಹಾಡಿದೆ’ ಎಂದಿದ್ದೀರಿ. ಅದನ್ನು ಆವರಣದೊಳಗೆ ಬಚ್ಚಿಟ್ಟದ್ದೇಕೆ?